‘ಅವರ ಪದ್ಧತಿ ಅವರಿಗೆ’: ಜನಸಾಮಾನ್ಯರ ಸಂಸ್ಕೃತಿ ಭಾವನೆ

ವಿದ್ವಾಂಸರು ‘ಸಂಸ್ಕೃತಿ’ ಎಂದು ಕರೆಯುವುದನ್ನು ಹಳ್ಳಿಯ ಜನ ‘ಪದ್ಧತಿ’, ‘ವಾಡಿಕೆ’, ‘ರೂಢಿ’ ಎಂಬ ಮಾತುಗಳಿಂದ ಸೂಚಿಸುತ್ತಾರೆ. ವೈವಿಧ್ಯದ ವಿಷಯ ಬಂದಾಗ ‘ಅವರ ಪದ್ಧತಿ ಅವರಿಗೆ, ನಮ್ಮದು ನಮಗೆ’ ಎನ್ನುವುದು ವಾಡಿಕೆಯ ಮಾತು. ಜಾನಪದವನ್ನು ಕುರಿತು ಬರೆದವರಲ್ಲಿ ಹಲವರು ಇದನ್ನು ಸಾಮರಸ್ಯದ ಮಂತ್ರವೆಂದು ಕೊಂಡಾಡಿದ್ದಾರೆ. ಆ ಪ್ರಶಂಸೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ದಾವಣಗೆರೆ ಸೀಮೆಯ ನಿದರ್ಶನಗಳಿಂದ ಪರಿಶೀಲಿಸಬಹುದು.

ಮತಭೇದಕ್ಕೆ ಪಂಡಿತರು ಕಂಡ ಪರಿಹಾರ ಹರಿಹರದಲ್ಲಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ದೇವಾಲಯದಲ್ಲಿ ಹರಿ-ಹರರು ಒಂದೇ ವಿಗ್ರಹದ ಎರಡು ಪಾರ್ಶ್ವಗಳು. ಭೇದವು ಹೊರಗಿನದು, ಮೂಲದಲ್ಲಿರುವುದು ಐಕ್ಯವೇ ಎಂಬ ತತ್ತ್ವ ಅಲ್ಲಿ ಶಿಲೆಯಲ್ಲಿ ಮೂಡಿದೆ.

ಆದರೆ ತತ್ತ್ವದ ಐಕ್ಯವೇ ಬಾಳಿನ ಐಕ್ಯವಲ್ಲ. ಇದಕ್ಕೆ ಮಾಯಕೊಂಡವೇ ಸಾಕ್ಷಿ. 1748ರಲ್ಲಿ ಅಲ್ಲಿ ನಡೆದ ಕದನದಲ್ಲಿ ಒಂದು ಕಡೆ ಬಿದನೂರಿನ ಕೆಳದಿ ಅರಸರ ಪಕ್ಷ, ಇನ್ನೊಂದು ಕಡೆ ಚಿತ್ರದುರ್ಗದ ಮದಕರಿನಾಯಕ. ಕೆಳದಿಯವರು ವೀರಶೈವ ಅರಸರು. ದುರ್ಗದ ನಾಯಕರು ಮುರುಘಾಮಠದ ಭಕ್ತರು. ಭಕ್ತಿಯ ಮೂಲ ಒಂದೇ ಆಗಿದ್ದರೂ ಯುದ್ಧ ತಪ್ಪಲಿಲ್ಲ. ನಾಯಕನಿಗೆ ನೆರವಾದವನಾದರೋ ಅನ್ಯಮತದ ಚಂದಾಸಾಹೇಬ. ನಾಯಕನು ಆ ರಣದಲ್ಲಿಯೇ ಮಡಿದನು. ಒಂದೇ ಮತವೆಂದ ಮಾತ್ರಕ್ಕೆ ಸ್ನೇಹವಾಗಲಿ, ಬೇರೆ ಮತವೆಂದ ಮಾತ್ರಕ್ಕೆ ಹಗೆಯಾಗಲಿ ಹುಟ್ಟದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಜನಸಾಮಾನ್ಯರು ಈ ಸತ್ಯವನ್ನು ಸಿದ್ಧಾಂತವಿಲ್ಲದೆಯೇ ಬಲ್ಲರು. ಅವರು ಭೇದವನ್ನು ಅಲ್ಲಗಳೆಯುವುದಿಲ್ಲ. ಭಿನ್ನರಾದವರಿಗೆ ಊರಿನ ಕಾರ್ಯದಲ್ಲಿ ಒಂದೊಂದು ಪಾಲನ್ನು ಗೊತ್ತುಮಾಡುತ್ತಾರೆ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಸಮಸ್ತ ಊರಿನ ಹಬ್ಬ. ಮುಸಲ್ಮಾನರ ಮನೆಯೇ ಇಲ್ಲದ ಕೆಲವು ಊರುಗಳಲ್ಲಿಯೂ ಅಲಾಯಿ ಕುಣಿತವುಂಟು. ಅಲ್ಲಿ ಹಾಡುವ ರಿವಾಯತ ಪದಗಳು ಕಾವ್ಯದೃಷ್ಟಿಯಿಂದಲೂ ಗಮನಾರ್ಹ. ಕ್ರಿ.ಶ. 680ರ ಕರ್ಬಲಾ ಕದನವು ಕನ್ನಡದ ಧಾಟಿಗೆ ಇಳಿದು ಒಕ್ಕಲುಮನೆಯ ಶೋಕವಾಗುತ್ತದೆ. ಮಡಿದವರ ಮತ ಯಾವುದೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಮಕ್ಕಳನ್ನು ಕಳೆದುಕೊಂಡ ತಾಯಿಯ ಸಂಕಟ ಮುಂದೆ ನಿಲ್ಲುತ್ತದೆ. ಇದು ಸಮನ್ವಯವಲ್ಲ, ಸಹಾನುಭೂತಿ. ಈ ಸೂಕ್ಷ್ಮವನ್ನು ಗ್ರಹಿಸದ ವಿಮರ್ಶೆ ಜನಪದರಿಗೆ ನ್ಯಾಯ ಸಲ್ಲಿಸಲಾರದು.

ಇಷ್ಟಕ್ಕೇ ನಿಂತರೆ ವಿಮರ್ಶೆ ಅರ್ಧವಾದೀತು. ಪಾಲನ್ನು ಕೊಡುವ ವಾಡಿಕೆಯೇ ಪ್ರತಿಯೊಬ್ಬನ ಎಲ್ಲೆಯನ್ನೂ ಗೊತ್ತುಮಾಡುತ್ತದೆ. ಜಾತ್ರೆಯಲ್ಲಿ ಹಲಗೆಯ ನಾದವಿಲ್ಲದೆ ದೇವರು ಹೊರಡನು. ಆದರೆ ಹಲಗೆ ಬಾರಿಸಿದವನಿಗೆ ಬಹುಕಾಲ ಗುಡಿಯ ಹೊಸ್ತಿಲು ದಾಟುವ ಅಧಿಕಾರವಿರಲಿಲ್ಲ. ‘ಅದು ಪದ್ಧತಿ’ ಎಂಬ ಮಾತೇ ಅಲ್ಲಿ ಸಮರ್ಥನೆಯಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೆ ಪದ್ಧತಿಯ ಹೆಸರಿನಲ್ಲಿ ಅದನ್ನು ಉಳಿಸಿಕೊಳ್ಳುವ ಮನಸ್ಸು ಒಮ್ಮೆಗೇ ಅಳಿಯಲಿಲ್ಲ. ಪರರ ಆಚಾರಕ್ಕೆ ಅಡ್ಡಬರದ ಔದಾರ್ಯವೂ ಪರರ ನೋವನ್ನು ವಿಚಾರಿಸದ ಔದಾಸೀನ್ಯವೂ ಒಂದೇ ವಾಕ್ಯದಲ್ಲಿ ಅಡಗಿವೆ.

ಶರಣರು ಪ್ರಶ್ನಿಸಿದುದು ಈ ಔದಾಸೀನ್ಯವನ್ನೇ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಬಸವಣ್ಣನವರು ತಮ್ಮ ಹಿರಿಯರ ಸ್ಥಾನದಲ್ಲಿರಿಸಿದರು. ಹರಳಯ್ಯ-ಮಧುವರಸರ ಮನೆಗಳ ನಡುವಣ ವಿವಾಹವನ್ನು ಕಲ್ಯಾಣದ ಅಧಿಕಾರವು ಸಹಿಸಲಿಲ್ಲವೆಂದು ಪರಂಪರೆ ಹೇಳುತ್ತದೆ. ಅವರವರ ಪದ್ಧತಿಯಲ್ಲಿ ಅವರವರಿದ್ದಿದ್ದರೆ ಅಲ್ಲಿ ಯಾವ ಕ್ಷೋಭೆಯೂ ಆಗುತ್ತಿರಲಿಲ್ಲ. ಧರ್ಮವೂ ಒಂದು ಹೆಜ್ಜೆ ಮುಂದೆ ಸಾಗುತ್ತಿರಲಿಲ್ಲ.

ಆದುದರಿಂದ ಜನಸಾಮಾನ್ಯರ ವಿವೇಕವನ್ನು ಗೌರವಿಸುವುದೆಂದರೆ ಅದನ್ನು ಪೂಜಿಸುವುದಲ್ಲ. ಒಂದು ವಾಡಿಕೆಯನ್ನು ಮೆಚ್ಚುವ ಮೊದಲು ಅದರಲ್ಲಿ ಯಾರಿಗೆ ಪಾಲು ದೊರೆಯಿತು, ಯಾರು ಹೊಸ್ತಿಲ ಹೊರಗೆ ಉಳಿದರು ಎಂದು ಕೇಳಬೇಕು. ವಚನಗಳನ್ನು ಓದಿದವರಿಂದ ಜಾನಪದ ವಿಮರ್ಶೆಯು ಇಷ್ಟನ್ನಾದರೂ ನಿರೀಕ್ಷಿಸುತ್ತದೆ.