ಕೋಡುಬಳೆ ಬಿಡಿಸುವ ಕನ್ನಡಿ ಲೆನ್ಸು
ಒಂದು ವಿಮರ್ಶೆ

ಸಂಘದ ಸಮಾರಂಭಗಳಲ್ಲಿ ಈಗ ಸಾಲಿಗೊಂದು ಮಿರರ್‌ಲೆಸ್ ಕ್ಯಾಮೆರಾ ಕಾಣುತ್ತದೆ. ಕ್ಯಾಮೆರಾ ಬಂದ ಮೇಲೆ ಮುಂದಿನ ಆಸೆ, ದೂರದ್ದನ್ನು ಹತ್ತಿರಕ್ಕೆ ಎಳೆದು ತರುವ ಲೆನ್ಸಿನದು. ಅಂಥ ಹೊಸ ಲೆನ್ಸಿನ ಬೆಲೆ ಕೇಳಿದರೆ ಬೆಂಗಳೂರಿಗೆ ಹೋಗಿಬರುವ ಟಿಕೆಟ್ಟು ನೆನಪಾಗುತ್ತದೆ! ಆದ್ದರಿಂದಲೇ ಹಲವು ಸದಸ್ಯ ಮಿತ್ರರ ಕಣ್ಣು ನೂರಿನ್ನೂರು ಡಾಲರಿಗೆ ಸಿಗುವ ಹಳೆಯ ‘ಕನ್ನಡಿ ಲೆನ್ಸು’ಗಳ ಮೇಲೆ ಬಿದ್ದಿದೆ. ಕನ್ನಡಿ ತೆಗೆದುಹಾಕಿದ ಕ್ಯಾಮೆರಾಕ್ಕೆ ಕನ್ನಡಿ ತುಂಬಿದ ಲೆನ್ಸು! “ರಾಜ್ಯೋತ್ಸವದಲ್ಲಿ ಮಗಳ ನೃತ್ಯ ತೆಗೆಯಲು ಇದು ಆದೀತೆ?” ಎಂದು ಕೇಳುವವರಿದ್ದಾರೆ. ಇದರ ಗುಣದೋಷಗಳನ್ನು ಸ್ವಲ್ಪ ತೂಗಿ ನೋಡೋಣ.

ಉದಾಹರಣೆಗೆ ಜಪಾನಿನ ಟ್ಯಾಮ್ರಾನ್ ಸಂಸ್ಥೆ 1979ರಲ್ಲಿ ಹೊರತಂದ 500 ಮಿ.ಮೀ. ಎಫ್/8 ಲೆನ್ಸನ್ನೇ ತೆಗೆದುಕೊಳ್ಳೋಣ. ಬೆಳಕು ಮುಂದಿನ ಗಾಜಿನಿಂದ ಒಳಬಂದು, ಹಿಂಭಾಗದ ನಿಮ್ನ ದರ್ಪಣಕ್ಕೆ ಬಡಿದು ಮುಂದಕ್ಕೆ ಮರಳುತ್ತದೆ. ಅಲ್ಲಿ ನಡುವೆ ಕೂರಿಸಿರುವ ಪುಟ್ಟ ಕನ್ನಡಿ ಅದನ್ನು ಪುನಃ ಹಿಂದಕ್ಕೆ ತಿರುಗಿಸುತ್ತದೆ. ದೊಡ್ಡ ದರ್ಪಣದ ನಡುವಿನ ತೂತಿನ ಮೂಲಕ ಅದು ಕ್ಯಾಮೆರಾ ಸೇರುತ್ತದೆ. ಹದಿನೆಂಟು ಮೊಳದ ಸೀರೆ ಮಡಿಸಿದರೆ ಸಣ್ಣ ಪೆಟ್ಟಿಗೆಯಲ್ಲಿ ಕೂರುವುದಿಲ್ಲವೇ, ಹಾಗೆ. ಅರ್ಧ ಮೀಟರ್ ಸಂಗಮದೂರದ ಲೆನ್ಸು ಒಂದು ಗೇಣಿಗಿಂತ ಚಿಕ್ಕದಾಗಿ, ಸುಮಾರು 600 ಗ್ರಾಂ ತೂಕದಲ್ಲಿ ಮುಗಿಯುತ್ತದೆ. ಗಾಜಿನ ಲೆನ್ಸುಗಳಂತೆ ಅಂಚಿನಲ್ಲಿ ನೇರಳೆ-ಹಸಿರು ಬಣ್ಣ ಒಸರುವ ದೋಷವೂ ಕನ್ನಡಿಗೆ ಇಲ್ಲ.

ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ ಇದನ್ನು ಬಳಸುವುದು ಸುಲಭವಿರಲಿಲ್ಲ. ಎಫ್/8ರ ಮಂದ ಬೆಳಕಿನಲ್ಲಿ ವ್ಯೂಫೈಂಡರ್ ಕತ್ತಲಾಗುತ್ತಿತ್ತು, ಫೋಕಸ್ ಆಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಿರರ್‌ಲೆಸ್ ಕ್ಯಾಮೆರಾ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿದೆ. ಗಾಜಿಲ್ಲದ ಒಂದು ಲೋಹದ ಬಳೆ, ಅಂದರೆ ಅಡಾಪ್ಟರ್, ಸಾಕು. ಪರದೆ ತಾನೇ ದೃಶ್ಯವನ್ನು ಬೆಳಗಿಸಿ ತೋರಿಸುತ್ತದೆ; ಬೇಕಾದ ಭಾಗವನ್ನು ಹಿಗ್ಗಿಸಿ ನಿಧಾನವಾಗಿ ಉಂಗುರ ತಿರುಗಿಸಬಹುದು. ಮೆನುವಿನಲ್ಲಿ ‘ಲೆನ್ಸ್ ಇಲ್ಲದಿದ್ದರೂ ಶಟರ್’ ಎಂಬ ಆಯ್ಕೆಯನ್ನು ತೆರೆಯಬೇಕು. ಕ್ಯಾಮೆರಾದೊಳಗೆ ನಡುಕ ತಡೆಯುವ ವ್ಯವಸ್ಥೆಯಿದ್ದರೆ ಅದಕ್ಕೆ 500 ಎಂದು ತಿಳಿಸಬೇಕು. ಇಷ್ಟಾದರೂ ಟ್ರೈಪಾಡ್ ಇದ್ದರೆ ಲೇಸು.

ಈಗ ವೇದಿಕೆಯ ಪ್ರಶ್ನೆಗೆ ಬರೋಣ. ನಮ್ಮ ಉತ್ತರ ಖಂಡಿತವಾಗಿ ‘ಬೇಡ’. ಸಭಾಂಗಣದ ದೀಪದಲ್ಲಿ ಎಫ್/2.8 ಲೆನ್ಸಿಗೆ ಐ.ಎಸ್.ಓ. 3200 ಸಾಕಾಗುವ ಕಡೆ, ಎಫ್/8ಕ್ಕೆ ಬರುವುದು ಅದರ ಎಂಟನೇ ಒಂದು ಪಾಲು ಬೆಳಕು. ಅದೇ ವೇಗದಲ್ಲಿ ತೆಗೆಯಬೇಕಾದರೆ ಐ.ಎಸ್.ಓ. 25600 ಬೇಕು. ನಡುವಿನ ಪುಟ್ಟ ಕನ್ನಡಿ ಬೆಳಕಿಗೆ ಅಡ್ಡ ಕೂತಿರುವುದರಿಂದ ನಿಜವಾಗಿ ಅದಕ್ಕಿಂತಲೂ ಹೆಚ್ಚು. ಜೊತೆಗೆ ಪೂರ್ಣ ಗಾತ್ರದ ಸೆನ್ಸರಿನಲ್ಲಿ 20 ಮೀಟರ್ ದೂರದಿಂದ ಚೌಕಟ್ಟಿನೊಳಗೆ ಸಿಗುವುದು ಸುಮಾರು ಒಂದೂವರೆ ಮೀಟರ್ ಅಗಲ, ಒಂದು ಮೀಟರಿಗಿಂತ ಕಡಿಮೆ ಎತ್ತರ. ಕೋಲಾಟದ ಎಂಟು ಮಕ್ಕಳಲ್ಲಿ ಒಂದು ಮಗುವಿನ ಮುಖ, ಪಕ್ಕದ ಮಗುವಿನ ಒಂದು ಕೋಲು! ಆಟೋಫೋಕಸ್ ಇಲ್ಲ, ನೀವು ಉಂಗುರ ತಿರುಗಿಸುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಊರಿನಲ್ಲಿ ಅಜ್ಜಿ-ತಾತ ಕಾಯುವ ಚಿತ್ರ ಅದು. ಆ ಮಗು ಆ ವಯಸ್ಸಿನಲ್ಲಿ ಆ ನೃತ್ಯವನ್ನು ಮತ್ತೆ ಮಾಡುವುದಿಲ್ಲ. ಉಳಿದ ನೂರು ಡಾಲರಿಗಾಗಿ ಅದನ್ನು ಪಣಕ್ಕಿಡಬಾರದು. ಮುಂದಿನ ಸಾಲಿನಲ್ಲಿ ಕೂತು ಸಾಧಾರಣ ಲೆನ್ಸಿನಲ್ಲಿ ತೆಗೆಯುವುದೇ ಮೇಲು.

ಹಾಗಾದರೆ ಇದು ಕೆಲಸಕ್ಕೆ ಬಾರದ್ದೇ? ಅಲ್ಲ. ಆದರೆ ಇದರ ಎರಡು ದೋಷಗಳನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು. ಮೊದಲನೆಯದು, ಚಿತ್ರ ತೆಳ್ಳನೆಯ ಬೂದಿ ಬಳಿದಂತೆ ಪೇಲವವಾಗಿರುತ್ತದೆ. ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿದರೆ ಬಹುಪಾಲು ಸರಿಹೋಗುತ್ತದೆ. ಎರಡನೆಯದಕ್ಕೆ ಸುಲಭದ ಮದ್ದಿಲ್ಲ. ಫೋಕಸ್ಸಿನ ಹೊರಗಿರುವ ಪ್ರತಿಯೊಂದು ಹೊಳೆಯುವ ಚುಕ್ಕೆಯೂ ನಡುವೆ ತೂತಿರುವ ಬಳೆಯಾಗಿ ಮೂಡುತ್ತದೆ. ಥೇಟ್ ಕೋಡುಬಳೆ! ಕೆಲವರು ಇದನ್ನೇ ಕಲೆ ಎಂದು ಹೊಗಳುತ್ತಾರೆ. ಒಂದೆರಡು ಚಿತ್ರಗಳಲ್ಲಿ ಚೆಂದ. ಹತ್ತನೆಯ ಚಿತ್ರದಲ್ಲಿಯೂ ಅದೇ ತಟ್ಟೆ ಕಂಡರೆ ಹಕ್ಕಿಗಿಂತ ತಿಂಡಿಯೇ ಮುಖ್ಯವಾಗಿಬಿಡುತ್ತದೆ. ಸಾಧಾರಣ ಲೆನ್ಸಿನಂತೆ ರಂಧ್ರ ಕಿರಿದು ಮಾಡಿ ಹಿನ್ನೆಲೆಯನ್ನು ಬದಲಿಸೋಣವೆಂದರೆ, ಈ ಲೆನ್ಸಿನಲ್ಲಿ ಆ ಸೌಕರ್ಯವೂ ಇಲ್ಲ.

ಆದ್ದರಿಂದ ಇಲ್ಲಿ ಛಾಯಾಗ್ರಾಹಕ ಹಕ್ಕಿಗಿಂತ ಮೊದಲು ಹಕ್ಕಿಯ ಹಿಂದೇನಿದೆ ಎಂದು ನೋಡಬೇಕು. ಹಿತ್ತಿಲಿನ ಹಿಮದ ಮುಂದೆ ಕೂತ ಕೆಂಪು ಕಾರ್ಡಿನಲ್ ಹಕ್ಕಿಗೆ ಈ ಲೆನ್ಸು ಹೇಳಿ ಮಾಡಿಸಿದಂತಿದೆ. ಬಿಳಿಯ ಹಿನ್ನೆಲೆಯಲ್ಲಿ ಬಳೆ ಮೂಡಲು ಏನೂ ಇಲ್ಲ. ಹತ್ತು ಮೀಟರಿನಲ್ಲಿ ಸ್ಪಷ್ಟವಾಗಿರುವುದು ಒಂದು ಗೇಣಿನಷ್ಟು ಆಳ ಮಾತ್ರ, ಆದ್ದರಿಂದ ಕಣ್ಣಿಗೇ ಫೋಕಸ್ ಮಾಡಬೇಕು. ರಜೆಗೆ ಹೋದಾಗ ರಂಗನತಿಟ್ಟಿಗೆ ಒಯ್ಯುವವರು ಗಮನಿಸಿ: ಆಕಾಶದೆದುರು ಹಾರುವ ಬಣ್ಣದ ಕೊಕ್ಕರೆ ಸೊಗಸಾಗಿ ಬರುತ್ತದೆ, ಉಂಗುರ ತಿರುಗಿಸುವ ಕೈ ಪಳಗಿರಬೇಕು ಅಷ್ಟೆ. ಬಿಸಿಲಿಗೆ ಮಿನುಗುವ ಕಾವೇರಿಯ ನೀರು ಹಿಂದಿದ್ದರೆ ನೂರಾರು ಕೋಡುಬಳೆ ತಪ್ಪಿದ್ದಲ್ಲ. ಟ್ಯಾಮ್ರಾನ್ ಲೆನ್ಸು 1.7 ಮೀಟರಿನವರೆಗೂ ಫೋಕಸ್ ಆಗುವುದರಿಂದ ಹೂದೋಟದ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳಿಗೂ ಒದಗುತ್ತದೆ.

ಮಕ್ಕಳಿಗೆ ಹೆಚ್ಚು ಹಿಡಿಸುವುದು ಚಂದ್ರ. ಹುಣ್ಣಿಮೆಯ ದಿನ ಐ.ಎಸ್.ಓ. 200, ಸೆಕೆಂಡಿನ 400ನೇ ಒಂದು ಭಾಗದಿಂದ ಆರಂಭಿಸಿ. ಕುಳಿಗಳು ಎದ್ದು ಕಾಣಬೇಕಾದರೆ ಅರ್ಧಚಂದ್ರನೇ ಮೇಲು. ಆಗ ಶಟರ್ ಇನ್ನೂ ನಿಧಾನವಿರಲಿ. ಚಳಿಗಾಲದಲ್ಲಿ ಬೆಚ್ಚಗಿನ ಮನೆಯಿಂದ ಹೊರತಂದ ಲೆನ್ಸು ತಣಿಯಲು ಸ್ವಲ್ಪ ಹೊತ್ತು ಬಿಡಿ. ಉಂಗುರವನ್ನು ಕೊನೆಯವರೆಗೆ ತಿರುಗಿಸಿದರೆ ಫೋಕಸ್ ಅನಂತವನ್ನೂ ದಾಟಿಹೋಗುತ್ತದೆ, ಪರದೆ ನೋಡಿಯೇ ನಿಲ್ಲಿಸಿ. ಒಂದು ಎಚ್ಚರಿಕೆ: ಲೆನ್ಸಿನ ಮುಂದೆ ತಕ್ಕ ಸೌರ ಫಿಲ್ಟರ್ ಇಲ್ಲದೆ ಸೂರ್ಯನ ಕಡೆ ಎಂದಿಗೂ ತಿರುಗಿಸಬಾರದು. ಹಿಂಭಾಗಕ್ಕೆ ಹಾಕುವ ಪುಟ್ಟ ಫಿಲ್ಟರ್ ಸೂರ್ಯನಿಗೆ ರಕ್ಷೆಯಲ್ಲ.

ಒಟ್ಟಿನಲ್ಲಿ ಇದು ದುಡ್ಡಿನಲ್ಲಿ ಅಗ್ಗ, ಬೆಳಕಿನಲ್ಲಿ ಮತ್ತು ತಾಳ್ಮೆಯಲ್ಲಿ ತುಟ್ಟಿ. ಅವೆರಡೂ ಕೈಯಲ್ಲಿದ್ದರೆ ಧಾರಾಳವಾಗಿ ಕೊಳ್ಳಿ. ಹಕ್ಕಿ ನೋಡಲು ಕಲಿಯುತ್ತಿರುವ ಮಗನಿಗೋ ಮಗಳಿಗೋ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ, ಏಕೆಂದರೆ ಇದು ಅವಸರವನ್ನು ಕ್ಷಮಿಸುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಲೆನ್ಸನ್ನು ಬೈಯುವ ಮೊದಲು ಹಿನ್ನೆಲೆ ಬದಲಿಸಿ ನೋಡಿ.

ತೆಗೆದ ಚಿತ್ರಗಳನ್ನು ನಮ್ಮ ಯುಗಾದಿ ಸಂಚಿಕೆಗೆ ಕಳುಹಿಸಿಕೊಡಿ. ನಮ್ಮದು ಜೆರಾಕ್ಸ್ ಪತ್ರಿಕೆ. ಪೇಲವ ಚಿತ್ರ ಇಲ್ಲಿ ಬರೀ ಮಸಿಯಾಗುತ್ತದೆ. ಕಪ್ಪು-ಬಿಳುಪನ್ನು ಗಟ್ಟಿಮಾಡಿಯೇ ಕಳುಹಿಸಬೇಕಾಗಿ ವಿನಂತಿ.