ಎಣಿಕೆಯ ಪುಸ್ತಕವೂ ಕೃಪೆಯ ವರ್ಷವೂ



ಡಿಸೆಂಬರ್ 31ರ ಸಂಜೆ ಕೃತಜ್ಞತಾಸ್ತುತಿಯೊಂದಿಗೆ ಹಳೆಯ ವರ್ಷವನ್ನು ದೇವರ ಕೈಗೊಪ್ಪಿಸಿ, ಜನವರಿ 1ರಂದು ದೇವಮಾತೆ ಮರಿಯಮ್ಮನವರ ಮಹೋತ್ಸವದೊಂದಿಗೆ ಹೊಸ ವರ್ಷವನ್ನು ಬರಮಾಡಿಕೊಳ್ಳುವುದು ಧರ್ಮಸಭೆಯ ಸಂಪ್ರದಾಯ. ಇದರ ಜೊತೆಗೆ ನಮ್ಮ ಕುಟುಂಬಗಳಲ್ಲಿ ಮತ್ತೊಂದು ರೂಢಿಯೂ ಬೆಳೆದುಬಂದಿದೆ. ಅದು ಆಧ್ಯಾತ್ಮಿಕ ನಿರ್ಣಯಗಳ ಪಟ್ಟಿ. ಈ ವರ್ಷ ಇಡೀ ಪವಿತ್ರ ಗ್ರಂಥವನ್ನು ಓದಿ ಮುಗಿಸುತ್ತೇನೆ, ಪ್ರತಿದಿನ ಮನೆಯಲ್ಲಿ ಜಪಸರ ತಪ್ಪದಂತೆ ನೋಡಿಕೊಳ್ಳುತ್ತೇನೆ, ತಿಂಗಳಿಗೊಮ್ಮೆ ಪಾಪನಿವೇದನೆ ಮಾಡುತ್ತೇನೆ, ಕುಡಿತ ಬಿಡುತ್ತೇನೆ, ಕೋಪ ಬಿಡುತ್ತೇನೆ. ಈಗಂತೂ ಎಷ್ಟು ದಿನ ಬಿಡದೆ ಬೈಬಲ್ ಓದಿದಿರಿ ಎಂದು ಲೆಕ್ಕವಿಡುವ ಆ್ಯಪ್‌ಗಳು ಮೊಬೈಲಿನಲ್ಲೇ ಬಂದಿವೆ.

ಈ ಪಟ್ಟಿಗಳಿಗೆ ಏನಾಗುತ್ತದೆಂಬುದು ನಿಮಗೂ ತಿಳಿದಿದೆ. ಆದಿಕಾಂಡವು ಉತ್ಸಾಹದಿಂದ ಮುಗಿಯುತ್ತದೆ. ಯಾಜಕಕಾಂಡದ ಹೊತ್ತಿಗೆ ಪುಸ್ತಕ ಮತ್ತೆ ಕಪಾಟಿಗೆ ಸೇರುತ್ತದೆ. ನಿರ್ಣಯ ಮುರಿದುಬಿದ್ದಿತೆಂಬುದು ದೊಡ್ಡ ನಷ್ಟವಲ್ಲ. ಮುರಿದ ಬಳಿಕ, ‘ನನ್ನ ಕೈಯಲ್ಲಿ ಆಗುವುದಲ್ಲ ಇದು’ ಎಂದು ಒಬ್ಬ ತಂದೆ ದೇವಾಲಯದ ಹಿಂದಿನ ಬಾಗಿಲಿಗೆ ಸರಿದು ನಿಲ್ಲುತ್ತಾನೆ, ಒಬ್ಬ ತಾಯಿ ಪಾಪನಿವೇದನೆಯನ್ನೇ ಮುಂದೂಡುತ್ತಾಳೆ. ಅದು ನಿಜವಾದ ನಷ್ಟ. ಹಾಗೆಂದು ಗುರಿಗಳೇ ಬೇಡವೆನ್ನೋಣವೇ? ಈ ಪ್ರಶ್ನೆಗೆ ಉತ್ತರ ಹುಡುಕಲು, ಗುರಿ ಮತ್ತು ಎಣಿಕೆಯ ಕುರಿತು ಮಾತನಾಡುವ ಮೂರು ಪ್ರಸಿದ್ಧ ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ, ಅವುಗಳ ಗುಣದೋಷಗಳನ್ನು ನಿಮ್ಮೊಂದಿಗೆ ವಿಮರ್ಶಿಸಬಯಸುತ್ತೇನೆ.

ಕೆಂಪು ಗೆರೆ, ಕಪ್ಪು ಚುಕ್ಕೆ

ಮೊದಲನೆಯದು ಬೆಂಜಮಿನ್ ಫ್ರಾಂಕ್ಲಿನ್‌ರ ಆತ್ಮಕಥೆ. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಫಿಲಡೆಲ್ಫಿಯಾದಲ್ಲಿ ಮುದ್ರಣಕಾರರಾಗಿ ಬೆಳೆದು, ಅಮೆರಿಕದ ಸ್ವಾತಂತ್ರ್ಯದ ನಾಯಕರಲ್ಲೊಬ್ಬರಾದ ಇವರು ಕಥೋಲಿಕರಲ್ಲ. ಯಾವ ಸಭೆಗೂ ಗಟ್ಟಿಯಾಗಿ ಅಂಟಿಕೊಂಡವರೂ ಅಲ್ಲ. ಆದರೆ ಇಂದು ನಾವು ಮಾಡುವ ನಿರ್ಣಯಗಳ ಪಟ್ಟಿಯು, ನಮಗೆ ಅರಿವಿಲ್ಲದೆಯೇ, ಇವರ ಪುಸ್ತಕವನ್ನು ಬಹಳವಾಗಿ ಹೋಲುತ್ತದೆ. ಯೌವನದಲ್ಲಿ ಇವರು ನೈತಿಕ ಪರಿಪೂರ್ಣತೆಯನ್ನು ಸಾಧಿಸಿಯೇ ತೀರುವೆನೆಂದು ಹೊರಟು, ಮಿತಾಹಾರ, ಮೌನ, ಅಚ್ಚುಕಟ್ಟು, ಮಿತವ್ಯಯ, ನ್ಯಾಯ ಮೊದಲಾದ ಹದಿಮೂರು ಸದ್ಗುಣಗಳನ್ನು ಪಟ್ಟಿಮಾಡಿದರು. ಒಂದು ಚಿಕ್ಕ ಪುಸ್ತಕದಲ್ಲಿ ಪ್ರತಿ ಗುಣಕ್ಕೆ ಒಂದು ಪುಟ. ಪುಟದಲ್ಲಿ ಕೆಂಪು ಶಾಯಿಯ ಗೆರೆಗಳು, ವಾರದ ಏಳು ದಿನಗಳಿಗೆ ಏಳು ಅಂಕಣಗಳು. ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದಂತೆ ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಈ ಬರಹದ ದೊಡ್ಡ ಗುಣ ಅದರ ಪ್ರಾಮಾಣಿಕತೆ. ಅಚ್ಚುಕಟ್ಟುತನವು ತಮಗೆ ಕೊನೆಯವರೆಗೂ ಒಲಿಯಲಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಅಲ್ಲಿಯೇ ಒಂದು ಕೊಡಲಿಯ ಕಥೆಯನ್ನೂ ಹೇಳುತ್ತಾರೆ. ಕೊಡಲಿಯ ಬಾಯಿಯಂತೆಯೇ ಇಡೀ ಕೊಡಲಿ ಹೊಳೆಯಬೇಕೆಂದು ಒಬ್ಬನು ಕಮ್ಮಾರನನ್ನು ಕೇಳಿದನಂತೆ. ಸಾಣೆಯ ಚಕ್ರವನ್ನು ನೀನೇ ತಿರುಗಿಸುವುದಾದರೆ ಆಗಲಿ ಎಂದನು ಕಮ್ಮಾರ. ತಿರುಗಿಸಿ ತಿರುಗಿಸಿ ದಣಿದ ಆ ಮನುಷ್ಯ ಕೊನೆಗೆ, ಚುಕ್ಕೆಚುಕ್ಕೆಯ ಕೊಡಲಿಯೇ ತನಗೆ ಹೆಚ್ಚು ಇಷ್ಟವೆಂದು ಹೇಳಿ ಅದನ್ನೇ ಒಯ್ದನಂತೆ. ನಮ್ಮ ಫೆಬ್ರವರಿ ತಿಂಗಳ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಆದರೆ ಇದೇ ಕಥೆ ಈ ಯೋಜನೆಯ ಕೊರತೆಯನ್ನೂ ತೋರಿಸಿಕೊಡುತ್ತದೆ. ಇಲ್ಲಿ ಚಕ್ರ ತಿರುಗಿಸುವವನೂ, ದಣಿಯುವವನೂ, ಕೊನೆಗೆ ತೀರ್ಪು ಕೊಡುವವನೂ ಒಬ್ಬನೇ. ಫ್ರಾಂಕ್ಲಿನ್‌ರು ತಮ್ಮ ಪುಸ್ತಕದಲ್ಲಿ ದೇವರ ಸಹಾಯಕ್ಕಾಗಿ ಪ್ರಾರ್ಥನೆಯನ್ನು ಬರೆದಿಟ್ಟುಕೊಂಡಿದ್ದರು ನಿಜ. ಆದರೂ ಕಪ್ಪು ಚುಕ್ಕೆ ಕಂಡಾಗ ‘ಕ್ಷಮಿಸು’ ಎಂದು ಹೇಳಲು ಆ ಪುಟದಲ್ಲಿ ಯಾರೂ ಇಲ್ಲ. ಹದಿಮೂರನೆಯ ಗುಣವಾದ ನಮ್ರತೆಯ ಕೆಳಗೆ ಯೇಸುವಿನ ಹೆಸರಿದೆ, ಪಕ್ಕದಲ್ಲಿ ಸಾಕ್ರಟೀಸನ ಹೆಸರೂ ಇದೆ. ಇಬ್ಬರೂ ಅನುಕರಿಸಬೇಕಾದ ಮಾದರಿಗಳು. ಮಾದರಿಯು ನಮಗೆ ದಾರಿ ತೋರಿಸಬಲ್ಲದು; ಬಿದ್ದವನನ್ನು ಎತ್ತಲಾರದು. ಅಹಂಕಾರವನ್ನು ಗೆದ್ದೆನೆಂದು ಭಾವಿಸಿದರೂ ಆ ಗೆಲುವಿನ ಬಗೆಗೇ ತಾನು ಅಹಂಕರಿಸಿಯೇನು ಎಂಬ ಅರ್ಥದ ಮಾತನ್ನು ಫ್ರಾಂಕ್ಲಿನ್‌ರೇ ಬರೆದಿದ್ದಾರೆ. ತಮ್ಮ ವಿಧಾನದ ಗಡಿಯನ್ನು ತಾವೇ ಕಂಡ ಜಾಣರು ಅವರು.

ಗೆರೆಗಳು ಚಿಕ್ಕದಾಗುತ್ತ ಹೋಗುವ ಪುಟ

ಎರಡನೆಯದು ಲೊಯೋಲದ ಸಂತ ಇಗ್ನೇಷಿಯಸರ ‘ಆಧ್ಯಾತ್ಮಿಕ ಸಾಧನೆಗಳು’. ನಮ್ಮ ಹಳ್ಳಿಗಳಲ್ಲಿ ಇನ್ನಾಸಪ್ಪ ಎಂಬ ಹೆಸರಿನ ಹಿರಿಯರು ಹೊತ್ತಿರುವುದು ಈ ಸಂತರ ಹೆಸರನ್ನೇ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿಯ ಗುಂಡಿಗೆ ಕಾಲು ಮುರಿದುಕೊಂಡ ಈ ಯೋಧರು, ಮುಂದೆ ಮನ್ರೇಸದಲ್ಲಿ ತಪಸ್ಸು ಮಾಡುತ್ತ ಬರೆಯತೊಡಗಿದ ಟಿಪ್ಪಣಿಗಳೇ ಬೆಳೆದು ಪುಸ್ತಕವಾದವು. 1548ರಲ್ಲಿ ಮೂರನೆಯ ಪೌಲ ಜಗದ್ಗುರುಗಳು ಇದಕ್ಕೆ ಅನುಮೋದನೆ ನೀಡಿದರು.

ಈ ಪುಸ್ತಕದಲ್ಲಿಯೂ ಎಣಿಕೆಯ ಒಂದು ಪುಟವಿದೆಯೆಂದರೆ ನಿಮಗೆ ಆಶ್ಚರ್ಯವಾದೀತು. ‘ವಿಶೇಷ ಆತ್ಮಶೋಧನೆ’ ಎಂಬ ಅಭ್ಯಾಸದಲ್ಲಿ ಸಾಧಕನು ಒಂದೇ ಒಂದು ದೋಷವನ್ನು ಆರಿಸಿಕೊಳ್ಳುತ್ತಾನೆ. ಬೆಳಿಗ್ಗೆ ಎದ್ದೊಡನೆ ಅದರ ವಿರುದ್ಧ ಎಚ್ಚರ. ಮಧ್ಯಾಹ್ನದ ಊಟದ ಬಳಿಕ ಒಮ್ಮೆ, ರಾತ್ರಿಯೂಟದ ಬಳಿಕ ಮತ್ತೊಮ್ಮೆ, ಗಂಟೆಗಂಟೆಯ ಲೆಕ್ಕ ನೋಡಿ ಗೆರೆಯ ಮೇಲೆ ಚುಕ್ಕೆಗಳನ್ನಿಡುವುದು. ವಾರದ ಮೊದಲ ದಿನದ ಗೆರೆ ಉದ್ದ. ದಿನ ಕಳೆದಂತೆ ಗೆರೆಗಳು ಕಿರಿದಾಗುತ್ತ ಹೋಗುತ್ತವೆ. ತಪ್ಪುಗಳೂ ಹಾಗೆಯೇ ಕಡಿಮೆಯಾಗುವವೆಂಬ ಭರವಸೆಯನ್ನು ಆ ಚಿತ್ರವೇ ಹೇಳುವಂತಿದೆ. ತಪ್ಪಿದ ಕ್ಷಣದಲ್ಲಿಯೇ ಎದೆಯ ಮೇಲೆ ಕೈಯಿಟ್ಟು ಮರುಗಬೇಕೆಂದೂ, ಹತ್ತು ಜನರ ನಡುವೆ ಇದ್ದಾಗಲೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದೆಂದೂ ಇಗ್ನೇಷಿಯಸರು ಸೂಚಿಸುತ್ತಾರೆ.

ಫ್ರಾಂಕ್ಲಿನ್‌ರ ಚುಕ್ಕೆಗೂ ಇಗ್ನೇಷಿಯಸರ ಚುಕ್ಕೆಗೂ ವ್ಯತ್ಯಾಸವೇನು? ಆ ಎದೆಯ ಮೇಲಿನ ಕೈಯೇ ವ್ಯತ್ಯಾಸ. ಇಲ್ಲಿ ಚುಕ್ಕೆಗಿಂತ ಮೊದಲು ಪಶ್ಚಾತ್ತಾಪವಿದೆ. ಲೆಕ್ಕ ನೋಡುವ ಮೊದಲು, ಎಲ್ಲಿ ಎಡವಿದೆನೆಂದು ನೆನಪಿಸಿಕೊಳ್ಳಲು ಬೇಕಾದ ಕೃಪೆಯನ್ನು ದೇವರಲ್ಲಿ ಬೇಡಲಾಗುತ್ತದೆ. ಇದೇ ಪುಸ್ತಕದ ಸಾಮಾನ್ಯ ಆತ್ಮಶೋಧನೆಯಲ್ಲಿ ಮೊದಲನೆಯ ಹೆಜ್ಜೆ ಪಾಪದ ಲೆಕ್ಕವೇ ಅಲ್ಲ. ಪಡೆದ ವರಗಳಿಗಾಗಿ ಕೃತಜ್ಞತೆ. ಸಾಲದ ಲೆಕ್ಕ ನೋಡುವ ಮುನ್ನ ಕೊಡುಗೆಯ ಲೆಕ್ಕ ನೋಡುವವನು ನಿರಾಶನಾಗುವುದು ಕಷ್ಟ.

ಆದರೂ ಈ ಪುಟವನ್ನು ಎಚ್ಚರಿಕೆಯಿಂದ ಓದಬೇಕು. ಮನ್ರೇಸದಲ್ಲಿ ಇಗ್ನೇಷಿಯಸರು ಹಳೆಯ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿಯೂ ಸಮಾಧಾನ ಕಾಣದೆ, ಪ್ರಾಣ ಕಳೆದುಕೊಳ್ಳುವ ಶೋಧನೆಗೂ ಒಳಗಾಗಿದ್ದರು. ಎಣಿಕೆಯು ರೋಗವಾಗಬಲ್ಲದೆಂದು ಸ್ವಾನುಭವದಿಂದ ಬಲ್ಲವರಾದ್ದರಿಂದಲೇ ಪುಸ್ತಕದ ಕೊನೆಯ ಭಾಗದಲ್ಲಿ ಅತಿಶಂಕೆಯ ಕುರಿತು ಪ್ರತ್ಯೇಕ ಸೂಚನೆಗಳನ್ನು ಬರೆದಿದ್ದಾರೆ. ಅಲ್ಲದೆ ಇದು ಒಬ್ಬನೇ ಕುಳಿತು ಓದಿ ಮುಗಿಸುವ ಪುಸ್ತಕವಲ್ಲ. ಜೊತೆಯಲ್ಲಿ ನಡೆಸುವವರೊಬ್ಬರು ಇರಬೇಕು. ನಾವು ಧ್ಯಾನಕೂಟಗಳಲ್ಲಿ ಗೆರೆ ಎಳೆದ ಚೀಟಿಗಳನ್ನು ಹಂಚಿ ಮನೆಗೆ ಕಳುಹಿಸುವಾಗ, ಚೀಟಿ ಕೊಡುತ್ತೇವೆಯೇ ಹೊರತು ಜೊತೆ ಕೊಡುವುದಿಲ್ಲ. ಇದು ಪುಸ್ತಕದ ದೋಷವಲ್ಲ, ನಮ್ಮ ಬಳಕೆಯ ದೋಷ.

ಬರಿಗೈಯ ಸಂತೆ

ಮೂರನೆಯದು ಲಿಸಿಯುವಿನ ಸಂತ ತೆರೇಸರ ‘ಆತ್ಮದ ಕಥೆ’. 1897ರಲ್ಲಿ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡ ಈ ಕಾರ್ಮೆಲ್ ಕನ್ಯಾಸ್ತ್ರೀಯ ಬರಹಗಳು ಮರುವರ್ಷವೇ ಪ್ರಕಟವಾದವು. ಹಿಂದೆ ಮಠದ ಮುಖ್ಯಸ್ಥೆಯಾಗಿದ್ದ ಅವರ ಅಕ್ಕ ಅವನ್ನು ಬಹಳವಾಗಿ ತಿದ್ದಿದ್ದರು. ಸಂತೆಯ ಕೈಬರಹದ ಮೂಲರೂಪ ಓದುಗರಿಗೆ ದೊರಕಿದ್ದು 1956ರಲ್ಲಿ. ತಿದ್ದಿದ ಪಾಠದ ನಯಕ್ಕಿಂತ ಮೂಲದ ಸರಳತೆಯೇ ಬಲವಾದುದು.

ಈ ಸಂತೆಯೂ ಬಾಲ್ಯದಲ್ಲಿ ಎಣಿಸುತ್ತಿದ್ದವರೇ. ಪುಟ್ಟ ತೆರೇಸ ಒಂದೊಂದು ತ್ಯಾಗ ಮಾಡಿದಾಗಲೂ ಜೇಬಿಗೆ ಕೈಹಾಕಿ ಮಣಿಯೊಂದನ್ನು ಸರಿಸುತ್ತಿದ್ದುದನ್ನು ಅವರ ತಾಯಿ ಪತ್ರದಲ್ಲಿ ಬರೆದಿದ್ದಾರೆ. ಅದೇ ತೆರೇಸ 1895ರ ಜೂನ್ 9ರಂದು ತಮ್ಮನ್ನು ದೇವರ ಕರುಣಾಪೂರ್ಣ ಪ್ರೀತಿಗೆ ಅರ್ಪಿಸಿಕೊಂಡಾಗ, ಬದುಕಿನ ಸಂಜೆ ಬರಿಗೈಯಲ್ಲಿ ಪ್ರಭುವಿನ ಮುಂದೆ ನಿಲ್ಲುವೆನೆಂದರು. ಮಣಿಯಿಂದ ಬರಿಗೈವರೆಗಿನ ಈ ಪಯಣವೇ ಆ ಪುಸ್ತಕದ ತಿರುಳು. ಪರಿಪೂರ್ಣತೆಯ ಮೆಟ್ಟಿಲು ತಮ್ಮ ಪುಟ್ಟ ಕಾಲಿಗೆ ಎತ್ತರವಾಯಿತೆಂದು ಕಂಡ ಅವರು, ಆಗ ಶ್ರೀಮಂತರ ಮನೆಗಳಿಗೆ ಹೊಸದಾಗಿ ಬಂದಿದ್ದ ಲಿಫ್ಟನ್ನು ನೆನೆದು, ಯೇಸುವಿನ ತೋಳುಗಳೇ ತಮಗೆ ಲಿಫ್ಟ್ ಎಂದು ಬರೆದರು.

ಈ ಪುಸ್ತಕವನ್ನು ನಾವು ತಪ್ಪಾಗಿ ಓದುವುದುಂಟು. ಗುಲಾಬಿ ಹೂಗಳ ಚಿತ್ರದ ಹಿಂದೆ ‘ಪುಟ್ಟ ಮಾರ್ಗ’ವೆಂದರೆ ಸುಲಭದ ಮಾರ್ಗವೆಂದು ಭಾವಿಸುತ್ತೇವೆ. ತೆರೇಸರು ಗುರಿಗಳನ್ನು ಬಿಡಲಿಲ್ಲ. ಅವುಗಳ ದಿಕ್ಕನ್ನು ಬದಲಿಸಿದರು. ಮಠದಲ್ಲಿ ತಮಗೆ ಸ್ವಭಾವತಃ ಒಗ್ಗದ ಒಬ್ಬ ಸೋದರಿಯನ್ನು ಪ್ರತಿಸಲ ಎದುರಾದಾಗಲೂ ನಗುಮೊಗದಿಂದ ಕಂಡರು. ತನ್ನಲ್ಲಿ ಏನನ್ನು ಮೆಚ್ಚಿಕೊಂಡಿರುವೆ ಎಂದು ಆ ಸೋದರಿಯೇ ಕೇಳುವಷ್ಟರ ಮಟ್ಟಿಗೆ. ಬಟ್ಟೆ ಒಗೆಯುವಾಗ ಪಕ್ಕದವರು ಕೊಳೆನೀರು ಸಿಡಿಸಿದರೂ ಮುಖ ತಿರುಗಿಸಲಿಲ್ಲ. ಎಣಿಕೆ ನಿಂತಿತು, ಪ್ರೀತಿ ನಿಲ್ಲಲಿಲ್ಲ. ಈ ಕೃತಿಗೂ ಒಂದು ಮಿತಿಯುಂಟು. ಮಠದ ಗೋಡೆಗಳೊಳಗೆ ಬರೆದ ಈ ಪುಸ್ತಕದಲ್ಲಿ ಸಂಬಳ, ಸಾಲ, ಮಕ್ಕಳ ಶಾಲಾ ಶುಲ್ಕ, ಆಸ್ತಿ ಪಾಲಿನ ಮನಸ್ತಾಪಗಳಿಲ್ಲ. ಅವನ್ನು ನಾವೇ ಸೇರಿಸಿಕೊಂಡು ಓದಬೇಕು.

ಲೂಕನ ಎರಡು ಲೆಕ್ಕಗಳು

ಹಾಗಾದರೆ ಸಂಖ್ಯೆಗಳೇ ತಪ್ಪೇ? ಲೂಕನ ಶುಭಸಂದೇಶದ 18 ಮತ್ತು 19ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿ ನೋಡಿ. ಮೊದಲನೆಯದರಲ್ಲಿ ಫರಿಸಾಯನೊಬ್ಬ ದೇವಾಲಯದಲ್ಲಿ ಲೆಕ್ಕ ಒಪ್ಪಿಸುತ್ತಾನೆ: ವಾರಕ್ಕೆ ಎರಡು ಉಪವಾಸ, ಆದಾಯದಲ್ಲಿ ಹತ್ತನೆಯ ಒಂದು ಪಾಲು. ಮುಂದಿನ ಅಧ್ಯಾಯದಲ್ಲಿ ಜೆರಿಕೋದ ಜಕ್ಕಾಯನೂ ಲೆಕ್ಕವನ್ನೇ ಹೇಳುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿದ್ದರೆ ನಾಲ್ಕರಷ್ಟು ಹಿಂದಕ್ಕೆ. ಇಬ್ಬರದೂ ಸ್ಪಷ್ಟವಾದ, ಅಳೆಯಬಹುದಾದ ಮಾತು. ಆದರೆ ಫರಿಸಾಯನ ಸಂಖ್ಯೆಗಳು ಮುಗಿದುಹೋದ ಸಾಧನೆಗಳು. ಅವುಗಳ ಪಕ್ಕದಲ್ಲಿ ನಿಂತಿರುವ ಸುಂಕದವನು ಅವನಿಗೆ ಹೋಲಿಕೆಗೆ ಮಾತ್ರ ಬೇಕು. ಜಕ್ಕಾಯನ ಸಂಖ್ಯೆಗಳಾದರೋ ಇತರರ ಮನೆಬಾಗಿಲಿಗೆ ಹೋಗುತ್ತವೆ. ಅಲ್ಲದೆ ಅವನು ನಿರ್ಣಯ ಮಾಡಿದ ಬಳಿಕ ಯೇಸು ಅವನ ಮನೆಗೆ ಬಂದುದಲ್ಲ. ಮರದ ಮೇಲಿದ್ದವನನ್ನು ಹೆಸರು ಹಿಡಿದು ಕರೆದು, ಅವನ ಮನೆಯಲ್ಲಿ ತಂಗುವೆನೆಂದು ಹೇಳಿದ ಮೇಲೆ ಹುಟ್ಟಿದ ನಿರ್ಣಯ ಅದು.

ಈಗ ನಮ್ಮ ಪಟ್ಟಿಯನ್ನು ಈ ಬೆಳಕಿನಲ್ಲಿ ಹಿಡಿದು ನೋಡೋಣ. ಅದರಲ್ಲಿ ಜಪಸರಗಳ ಸಂಖ್ಯೆಯಿದೆ, ಅಧ್ಯಾಯಗಳ ಸಂಖ್ಯೆಯಿದೆ, ಉಪವಾಸದ ಶುಕ್ರವಾರಗಳಿವೆ. ಹತ್ತು ವರ್ಷಗಳಿಂದ ಮಾತು ಬಿಟ್ಟ ತಮ್ಮನ ಹೆಸರು ಇದೆಯೇ? ಮನೆಗೆಲಸದವಳಿಗೆ ಕೊಡಬೇಕಾದ ಬಾಕಿ ಇದೆಯೇ? ಅತ್ತೆಯೊಡನೆ ಆಡುವ ಮಾತಿನ ಧಾಟಿ ಇದೆಯೇ? ಭಕ್ತಿಯ ಗುರಿಗಳನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಪ್ರಾರ್ಥನೆಯಿಲ್ಲದೆ ತಮ್ಮನ ಮನೆಯ ಮೆಟ್ಟಿಲು ಹತ್ತಲು ಧೈರ್ಯ ಎಲ್ಲಿಂದ ಬಂದೀತು? ಆದರೆ ಜಪಸರ ಆ ಮೆಟ್ಟಿಲಿನ ಕಡೆಗೆ ನಮ್ಮನ್ನು ಕೊಂಡೊಯ್ಯದಿದ್ದರೆ, ನಾವು ಮಣಿಗಳನ್ನು ಎಣಿಸಿದ್ದೇವೆ, ಅಷ್ಟೆ.

ಆದುದರಿಂದ ಈ ಮೂರು ಪುಸ್ತಕಗಳಿಂದ ಒಂದೊಂದನ್ನು ತೆಗೆದುಕೊಳ್ಳಿರೆಂದು ನನ್ನ ಸಲಹೆ. ಫ್ರಾಂಕ್ಲಿನ್‌ರಿಂದ, ಸೋಲನ್ನು ಸೋಲೆಂದೇ ಬರೆಯುವ ಪ್ರಾಮಾಣಿಕತೆಯನ್ನು. ಇಗ್ನೇಷಿಯಸರಿಂದ, ಹದಿಮೂರರ ಬದಲು ಒಂದೇ ದೋಷವನ್ನು ಆರಿಸಿಕೊಳ್ಳುವ ವಿವೇಕವನ್ನೂ, ಕೃತಜ್ಞತೆಯಿಂದ ಆರಂಭಿಸುವ ಕ್ರಮವನ್ನೂ. ತೆರೇಸರಿಂದ, ಬರಿಗೈಯಲ್ಲಿ ನಿಲ್ಲಲು ನಾಚದ ವಿಶ್ವಾಸವನ್ನು. ಮನೆಯವರೆಲ್ಲ ಕೂಡಿ ಪ್ರಾರ್ಥಿಸಿ, ಒಬ್ಬೊಬ್ಬರೂ ಒಂದೇ ಗುರಿಯನ್ನು ಬರೆದುಕೊಳ್ಳಿ. ಅದರಲ್ಲಿ ಒಬ್ಬ ಮನುಷ್ಯನ ಹೆಸರಿರಲಿ. ಶನಿವಾರ ರಾತ್ರಿ ಐದು ನಿಮಿಷ ಅದನ್ನು ದೇವರ ಮುಂದಿಟ್ಟು ನೋಡಿ. ತಪ್ಪಿದ್ದರೆ ಪಾಪನಿವೇದನೆಗೆ ಬನ್ನಿ. ನಿರ್ಣಯ ಮುರಿದವರಿಗಾಗಿಯೇ ಇರುವ ಸಂಸ್ಕಾರ ಅದು. ನಿರ್ಣಯ ಮುರಿಯಿತೆಂದು ಅದರಿಂದ ದೂರ ಉಳಿಯುವುದು, ಜ್ವರ ಬಂದಿತೆಂದು ವೈದ್ಯರ ಬಳಿಗೆ ಹೋಗದಿದ್ದಂತೆ.

ಲೂಕನ 13ನೆಯ ಅಧ್ಯಾಯದಲ್ಲಿ ಮೂರು ವರ್ಷ ಫಲ ಕೊಡದ ಅಂಜೂರದ ಮರವೊಂದಿದೆ. ಅದಕ್ಕೆ ಇನ್ನೊಂದು ವರ್ಷ ಸಿಕ್ಕಿದ್ದು ಮರ ಮಾಡಿದ ಪ್ರತಿಜ್ಞೆಯಿಂದಲ್ಲ. ತೋಟಗಾರ ಯಜಮಾನನಲ್ಲಿ ಬೇಡಿಕೊಂಡದ್ದರಿಂದ. ಬುಡವನ್ನು ಅಗೆದು ಗೊಬ್ಬರ ಹಾಕುವೆನೆಂದು ಮಾತು ಕೊಟ್ಟವನೂ ಅವನೇ. ನಮ್ಮ ಕೈಗೆ ಬಂದಿರುವ ಈ ವರ್ಷವೂ ಅಂಥದೇ ಒಂದು ವರ್ಷ. ಬುಡ ಅಗೆಯುವಾಗ ನೋವಾದೀತು. ಆ ತೋಟಗಾರರ ಕೈಯನ್ನು ತಡೆಯದಿರೋಣ. ಪ್ರಭು ಯೇಸುಕ್ರಿಸ್ತರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ, ದೇವಮಾತೆ ನಿಮ್ಮನ್ನು ಕಾಪಾಡಲಿ. ಹೊಸ ವರ್ಷದ ಶುಭಾಶಯಗಳು.