ಗೋಷ್ಠಿಮಂಟಪದಲ್ಲಿ ಪೀಠಕ್ರಮವೂ ತೆರೆಯ ಸ್ಥಾನವೂ

‘ಗೋಷ್ಠಿ’ ಎಂಬ ಮಾತಿಗೆ ಮೂಲವಾದ ‘ಗೋಷ್ಠ’ವು ಗೋವುಗಳು ಒಟ್ಟುಗೂಡಿ ನಿಲ್ಲುವ ಹಟ್ಟಿಯನ್ನು ಹೇಳುವ ಶಬ್ದವೆಂಬುದು ಸಂಸ್ಕೃತಜ್ಞರಿಗೆ ವಿದಿತವೇ ಆಗಿದೆ. ಹಟ್ಟಿಯ ಗೋವುಗಳಾದರೂ ಒಂದರ ಮುಖವನ್ನೊಂದು ನೋಡಬಲ್ಲವು. ಇಂದಿನ ಸಾಹಿತ್ಯಗೋಷ್ಠಿಗಳಲ್ಲಿ ಕುಳಿತ ಸಭಿಕನಿಗಾದರೋ ಮುಂದಿನವನ ಬೆನ್ನೂ, ಅದರಾಚೆಗೆ ಎದೆಯೆತ್ತರದ ವೇದಿಕೆಯೂ, ಅದರ ಮೇಲೊಂದು ಹೊಳೆಯುವ ಬಿಳಿಯ ತೆರೆಯೂ ಹೊರತಾಗಿ ಬೇರೇನೂ ಕಾಣಿಸದು. 1915ರಲ್ಲಿ ಬೆಂಗಳೂರಿನಲ್ಲಿ ಮೊದಲನೆಯ ಸಾಹಿತ್ಯ ಸಮ್ಮೇಳನವು ನೆರೆದಂದಿನಿಂದ ಕಾವ್ಯದ ಗುಣದೋಷಗಳು ಎಷ್ಟೋ ಬಾರಿ ಚರ್ಚೆಗೆ ಬಂದಿವೆ. ಆ ಕಾವ್ಯವನ್ನು ಕೇಳುವವನು ಎಲ್ಲಿ ಕುಳ್ಳಿರಬೇಕೆಂಬ ವಿಚಾರವನ್ನು ಮಾತ್ರ ಶಾಮಿಯಾನ ಕಟ್ಟುವವರ ವಿವೇಚನೆಗೆ ಬಿಟ್ಟುಬಿಡಲಾಗಿದೆ.

ನಮ್ಮ ಪೂರ್ವಿಕರು ಹಾಗೆ ಬಿಟ್ಟವರಲ್ಲ. ಭರತನು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನೆಲ್ಲ ಪ್ರೇಕ್ಷಾಗೃಹದ ಲಕ್ಷಣಕ್ಕಾಗಿಯೇ ಮೀಸಲಿಟ್ಟಿದ್ದಾನೆ. ಮನುಷ್ಯರಿಗೆ ಆತನು ವಿಧಿಸಿದ ಅಳತೆ 64 ಹಸ್ತ ಉದ್ದ, 32 ಹಸ್ತ ಅಗಲ. ಹಸ್ತಕ್ಕೆ ಒಂದೂವರೆ ಅಡಿಯಂತೆ 96 ಅಡಿ ಮತ್ತು 48 ಅಡಿ. ಇದರಲ್ಲಿ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಸಲ್ಲುವುದರಿಂದ ಪ್ರೇಕ್ಷಕರಿಗೆ ಉಳಿಯುವುದು 48 ಅಡಿಯ ಚೌಕ. ಇದಕ್ಕಿಂತ ಹಿರಿದಾದರೆ ಮಾತು ವಿಸ್ವರವಾಗುವುದು, ಮುಖದ ಭಾವವು ಅವ್ಯಕ್ತವಾಗುವುದು ಎಂಬ ಕಾರಣವನ್ನೂ ಆತನೇ ಕೊಟ್ಟಿದ್ದಾನೆ. 108 ಹಸ್ತದ ಜ್ಯೇಷ್ಠಮಂಟಪವು ದೇವತೆಗಳಿಗೆ ಸಂದದ್ದು. ಇಂದಿನ ಚಪ್ಪರಗಳಲ್ಲಿ ಕೆಲವು ಅದನ್ನೂ ಮೀರಿ ನಿಲ್ಲುವುವು. ಅವುಗಳಲ್ಲಿ ಕುಳ್ಳಿರತಕ್ಕವರು ಯಾರೆಂಬುದನ್ನು ಶಾಸ್ತ್ರವು ಹೇಳಿಲ್ಲ! ಮುಖದ ಭಾವವು ತಿಳಿಯಬೇಕಾದರೆ ಕಟ್ಟಕಡೆಯ ಪ್ರೇಕ್ಷಕನು ಸುಮಾರು 20 ಮೀಟರುಗಳೊಳಗೆ ಇರಬೇಕೆಂದು ಈ ಕಾಲದ ರಂಗಮಂದಿರ ನಿರ್ಮಾಪಕರೂ ಲೆಕ್ಕವಿಡುತ್ತಾರೆ. ಇದಲ್ಲದೆ, ಆಸನಗಳು ಸೋಪಾನದಂತೆ ಹಿಂದಕ್ಕೆ ಏರುತ್ತ ಹೋಗಬೇಕೆಂದೂ, ಮಂಟಪವು ಗಾಳಿಯ ಹೊಡೆತವಿಲ್ಲದೆ ಗುಹೆಯಂತಿದ್ದರೆ ಸ್ವರಕ್ಕೆ ಗಾಂಭೀರ್ಯ ಬರುವುದೆಂದೂ ಭರತನ ಮತ.

ನಾಟ್ಯಕ್ಕೆ ಹೇಳಿದ್ದು ಗೋಷ್ಠಿಗೆ ಹೇಗೆ ಸಂದೀತೆಂದು ಆಕ್ಷೇಪಿಸುವವರು ಕ್ರಿ.ಶ. 900ರ ಆಸುಪಾಸಿನಲ್ಲಿದ್ದ ರಾಜಶೇಖರನ ಕಾವ್ಯಮೀಮಾಂಸೆಯನ್ನು ತೆರೆದು ನೋಡಬಹುದು. ಕಾವ್ಯಪರೀಕ್ಷೆಗಾಗಿ ಅರಸನು ಕಟ್ಟಿಸತಕ್ಕ ಸಭೆಗೆ ಹದಿನಾರು ಕಂಬ, ನಾಲ್ಕು ಬಾಗಿಲು, ಎಂಟು ಮತ್ತವಾರಣಿಗಳನ್ನು ಆತನು ಹೇಳುತ್ತಾನೆ. ವೇದಿಕೆಯಿರುವುದು ಸಭೆಯ ಒಂದು ತುದಿಯಲ್ಲಲ್ಲ, ನಡುಮಧ್ಯದಲ್ಲಿ. ಅದರ ಎತ್ತರ ಒಂದೇ ಹಸ್ತ. ಅದರ ಉತ್ತರಕ್ಕೆ ಸಂಸ್ಕೃತಕವಿಗಳು, ಪೂರ್ವಕ್ಕೆ ಪ್ರಾಕೃತಕವಿಗಳು, ಪಶ್ಚಿಮಕ್ಕೆ ಅಪಭ್ರಂಶಕವಿಗಳು, ದಕ್ಷಿಣಕ್ಕೆ ಭೂತಭಾಷೆಯ ಕವಿಗಳು; ಅವರ ಹಿಂದೆ ಚಿತ್ರಕಾರ, ಗಾಯಕ, ನಟ ಮೊದಲಾದ ಕಲಾವಿದರು. ಇಲ್ಲಿ ಕವಿಯು ಓದುವಾಗ ಪರೀಕ್ಷಕರ ಮುಖವನ್ನು ನೋಡದೆ ಗತ್ಯಂತರವಿಲ್ಲ. ಪರೀಕ್ಷಕನು ಆಕಳಿಸಿದರೆ ಅದೂ ಕವಿಗೆ ಕಾಣುವುದು. ಭಾಷೆಗಳಲ್ಲಿ ಮೇಲುಕೀಳೆಣಿಸಿದ ಆ ಕಾಲದ ದೃಷ್ಟಿಯನ್ನು ಇಂದು ಒಪ್ಪಬೇಕಾದುದಿಲ್ಲ. ಆಸನದ ವಿನ್ಯಾಸದಲ್ಲಿ ಇರುವ ವಿವೇಕವನ್ನು ಒಪ್ಪಬಹುದು.

ಗ್ರಂಥಗಳವರೆಗೆ ಹೋಗಲೊಲ್ಲದವರಿಗೆ ಉಪ್ಪುಂದದ ಸೀಮೆಯ ಗದ್ದೆಬಯಲುಗಳೇ ಪಾಠ ಹೇಳುತ್ತವೆ. ಮಾರಣಕಟ್ಟೆ, ಮಂದಾರ್ತಿ ಮೊದಲಾದ ಮೇಳಗಳ ಹರಕೆಯಾಟಕ್ಕೆ ಹಿಂದೆ ಕೊಯ್ಲಾದ ಗದ್ದೆಯ ನೆಲದಲ್ಲಿಯೇ ನಾಲ್ಕು ಕಂಬ ನೆಟ್ಟು, ಮಾವಿನೆಲೆ ಕಟ್ಟಿ ರಂಗಸ್ಥಳವನ್ನು ಅಣಿಗೊಳಿಸುತ್ತಿದ್ದರು. ಹಿಂಭಾಗದಲ್ಲಿ ಭಾಗವತರು, ಮದ್ದಳೆಗಾರರು. ಉಳಿದ ಮೂರು ಕಡೆಗಳಲ್ಲಿ ಜನ. ಮಕ್ಕಳು ಮುಂದೆ ನೆಲದಲ್ಲಿ, ಹಿರಿಯರು ಮನೆಯಿಂದ ತಂದ ಚಾಪೆಗಳ ಮೇಲೆ, ತಡವಾಗಿ ಬಂದವರು ಅವರ ಹಿಂದೆ ನಿಂತು. ಭರತನ ಸೋಪಾನವು ಇಟ್ಟಿಗೆಯ ಖರ್ಚಿಲ್ಲದೆಯೇ ಇಲ್ಲಿ ಸಿದ್ಧವಾಗಿತ್ತು. ಟಿಕೆಟ್ಟಿನ ಡೇರೆ ಆಟಗಳು ಬಂದ ಬಳಿಕ ಆರಾಮಕುರ್ಚಿ, ಕುರ್ಚಿ, ನೆಲ ಎಂಬ ತರಗತಿಗಳುಂಟಾಗಿ ಕಣ್ಣಿನ ಮಟ್ಟಕ್ಕೆ ಬದಲಾಗಿ ಹಣದ ಮಟ್ಟವು ಆಸನವನ್ನು ನಿರ್ಣಯಿಸತೊಡಗಿತು. ಸಾಹಿತ್ಯಗೋಷ್ಠಿಗಳು ಅನುಸರಿಸಿದ್ದು ಬಯಲಾಟವನ್ನಲ್ಲ, ಡೇರೆಯನ್ನು. ಗಣ್ಯರಿಗಾಗಿ ಕಾದಿರಿಸಿದ ಮುಂದಿನ ಸಾಲು ಬರಿದಾಗಿಯೇ ಉಳಿಯುವುದು. ಕವಿತೆ ಕೇಳಲೆಂದೇ ಬಂದ ಮುದುಕಿಯು ಕೊನೆಯ ಸಾಲಿನಲ್ಲಿ ಕಿವಿಗೆ ಕೈಯಾನಿಸಿ ಕುಳಿತಿರುವಳು.

ಇನ್ನು ತೆರೆಯ ವಿಚಾರ. ಬಯಲಾಟದಲ್ಲಿಯೂ ತೆರೆಯುಂಟು. ಇಬ್ಬರು ಅದನ್ನು ಹಿಡಿದು ನಿಲ್ಲುವರು. ಅದರ ಮರೆಯಲ್ಲಿ ವೇಷವು ಕುಣಿಯುವುದು. ಕುತೂಹಲವು ತುಂಬಿ ಬಂದ ಕ್ಷಣದಲ್ಲಿ ತೆರೆಯು ಸರಿದು, ಅಲ್ಲಿಗೆ ಅದರ ಕೆಲಸ ಮುಗಿಯುವುದು. ಗೋಷ್ಠಿಯ ಬಿಳಿತೆರೆಗೆ ಈ ವಿನಯವಿಲ್ಲ. ಅದು ವೇದಿಕೆಯ ನಡುವೆ ಮೊದಲಿಂದ ಕೊನೆಯತನಕ ಬೆಳಗುತ್ತಿದ್ದು ಉಪನ್ಯಾಸಕನನ್ನು ಕತ್ತಲೆಯ ಮೂಲೆಗೆ ತಳ್ಳುವುದು. ಕವಿಗೋಷ್ಠಿಯಲ್ಲಿ ಕವಿತೆಯ ಸಾಲುಗಳನ್ನೇ ಅದರ ಮೇಲೆ ಮೂಡಿಸುವ ಪದ್ಧತಿಯು ಅನರ್ಥಕರವೆನ್ನದೆ ವಿಧಿಯಿಲ್ಲ: ಕವಿಯು ಎರಡನೆಯ ಸಾಲನ್ನು ಓದುವಷ್ಟರಲ್ಲಿ ಸಭಿಕರ ಕಣ್ಣು ಎಂಟನೆಯ ಸಾಲನ್ನು ಮುಟ್ಟಿರುತ್ತದೆ. ಶಾಸನದ ಪ್ರತಿಕೃತಿ, ತಾಳೆಗರಿಯ ಲಿಪಿ, ವೇಷಭೂಷಣಗಳ ಚಿತ್ರ ಇವುಗಳನ್ನು ತೋರಿಸಲು ತೆರೆಯು ನಿಜವಾಗಿಯೂ ಉಪಕಾರಿ. ಕಿವಿ ಕೇಳದವರಿಗೆ ಅಕ್ಷರರೂಪದಲ್ಲಿ ಮಾತನ್ನು ಒದಗಿಸುವುದಾದರೆ ಅದು ಪುಣ್ಯಕಾರ್ಯವೇ ಸರಿ. ಹಾಗಿದ್ದರೆ ಅದು ಪಕ್ಕದಲ್ಲಿರಲಿ. ಅದರ ಕೆಳಅಂಚು ಕುಳಿತವರ ತಲೆಗಿಂತ ಮೇಲಿರಲಿ. ಕಟ್ಟಕಡೆಯ ಸಾಲು ತೆರೆಯ ಎತ್ತರದ ಆರು ಪಟ್ಟು ದೂರವನ್ನು ಮೀರದಿರಲಿ. ಈ ಲೆಕ್ಕದಂತೆ 8 ಅಡಿ ಎತ್ತರದ ತೆರೆಗೆ 48 ಅಡಿ ದೂರ ಸಲ್ಲುವುದು. ಭರತನು ಪ್ರೇಕ್ಷಕರಿಗೆ ಬಿಟ್ಟ ಉದ್ದವೂ ಅಷ್ಟೇ ಆಗಿರುವುದು ಕೌತುಕದ ಸಂಗತಿ.

ಒಂದೇ ಚಪ್ಪರವನ್ನು ಬಟ್ಟೆಯಿಂದ ಎರಡಾಗಿ ಮರೆಮಾಡಿ ಏಕಕಾಲಕ್ಕೆ ಎರಡು ಗೋಷ್ಠಿಗಳನ್ನು ನಡೆಸುವುದಂತೂ ಸರ್ವಥಾ ತ್ಯಾಜ್ಯ. ಬಟ್ಟೆಯು ಕಣ್ಣನ್ನು ತಡೆಯುವುದೇ ಹೊರತು ಧ್ವನಿಯನ್ನು ತಡೆಯಲಾರದು. ಈ ಕಡೆ ವಚನಸಾಹಿತ್ಯ, ಆ ಕಡೆ ಅಡಕೆಯ ಬೆಲೆ. ಹಿಂದಿನ ಸಾಲಿನವರಿಗೆಂದು ದೂರದಲ್ಲಿ ಕಟ್ಟಿದ ಧ್ವನಿವರ್ಧಕವೂ ಇನ್ನೊಂದು ಉಪದ್ರವ: ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುವುದರಿಂದ, 34 ಮೀಟರ್ ಹಿಂದೆ ಕುಳಿತವನಿಗೆ ಹತ್ತಿರದ ಯಂತ್ರದ ಮಾತು ಮೊದಲೂ ವೇದಿಕೆಯ ಮಾತು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿಯೂ ತಲಪಿ ಎರಡೂ ಕಲಸಿಹೋಗುವುವು.

2018ರಲ್ಲಿ ಬೈಂದೂರು ಬೇರೆ ತಾಲೂಕಾದ ಮೇಲೆ ಉಪ್ಪುಂದವು ಅದಕ್ಕೆ ಸೇರಿದೆ. 2003ರ ಮೂಡಬಿದಿರೆಯ, 2007ರ ಉಡುಪಿಯ ಅಖಿಲ ಭಾರತ ಸಮ್ಮೇಳನಗಳ ವಿಸ್ತಾರವನ್ನು ತಾಲೂಕಿನ ಗೋಷ್ಠಿಯು ಅನುಕರಿಸಬೇಕಾದ ಅಗತ್ಯವೇನೂ ಇಲ್ಲ. 48 ಅಡಿಯ ಚೌಕದಲ್ಲಿ ದಾರಿ ಬಿಟ್ಟು ಒಬ್ಬರಿಗೆ 7 ಚದರಡಿಯಂತೆ ಎಣಿಸಿದರೂ ಸುಮಾರು 300 ಮಂದಿ ಕುಳ್ಳಿರಬಹುದು. ಕಡಲತಡಿಯ ಊರಾದ್ದರಿಂದ ವೇದಿಕೆಯು ಪಡುವಣ ತುದಿಯಲ್ಲಿ ಮೂಡುಮುಖವಾಗಿರುವುದು ಲೇಸು: ಅಪರಾಹ್ಣದ ಬಿಸಿಲು ತೆರೆಯ ಮೇಲೆ ಬೀಳದು, ಕಡಲಗಾಳಿಯು ಮಾತನ್ನು ಸಭಿಕರತ್ತ ಒಯ್ಯುವುದು. ಆದರೆ ವೇದಿಕೆಯ ಬೆನ್ನಿಗೆ ಗಟ್ಟಿಯಾದ ಮರೆಯಿಲ್ಲದಿದ್ದರೆ ಅದೇ ಗಾಳಿಯು ತೆರೆಯನ್ನು ಹಾಯಿಯಂತೆ ಉಬ್ಬಿಸಿ, ಚಿತ್ರದೊಳಗಿನ ಶಾಸನವನ್ನು ಕುಣಿಸೀತು. ವೇದಿಕೆಯ ಎತ್ತರಕ್ಕೆ ಒಂದೂವರೆ ಅಡಿ ಸಾಕು. ಕುರ್ಚಿಗಳನ್ನು ಮೂರು ಕಡೆಗಳಲ್ಲಿ ಬಾಗಿಸಿ, ಎರಡು ಸಾಲುಗಳ ಕುರ್ಚಿಗಳು ಒಂದರ ಹಿಂದೊಂದು ನೇರವಾಗಿ ಬಾರದಂತೆ ಇಡತಕ್ಕದ್ದು. ನಡುವಿನ ದಾರಿಯನ್ನು ಬಿಟ್ಟು ಪಕ್ಕಗಳಲ್ಲಿ ಎರಡು ದಾರಿಗಳನ್ನಿಟ್ಟರೆ ಅತ್ಯುತ್ತಮ ಸ್ಥಾನವು ನಡೆದಾಡುವವರ ಪಾಲಾಗದು. ಭಾಷಣ ಮುಗಿಸಿದವರು ವೇದಿಕೆಯಿಂದಿಳಿದು ಮುಂದಿನವರ ಮಾತನ್ನು ಕೇಳುವಂತೆ ಮೊದಲ ಸಾಲಿನ ಅಂಚಿನಲ್ಲಿ ನಾಲ್ಕು ಕುರ್ಚಿಗಳನ್ನು ತೆರವಾಗಿರಿಸುವುದೂ, ಅವುಗಳ ಬಳಿಯಲ್ಲಿಯೇ ಪ್ರಶ್ನೆ ಕೇಳುವ ಸಭಿಕನಿಗಾಗಿ ಒಂದು ಧ್ವನಿಗ್ರಾಹಕವನ್ನು ನಿಲ್ಲಿಸುವುದೂ ಆವಶ್ಯಕ.